ಇರಾಕಿನ ಖಾತೆ ಪುಸ್ತಕ

ನಾಸಿಕ್ ಅಂದ ಕೂಡಲೇ ಬೆಳಗಾವಿ ಕಡೆಯ ನಮ್ಮ ನೆಂಟರೆಲ್ಲ "ದಿನಾ ಗೋದಾವರಿ ಸ್ನಾನ, ಪಂಚವಟಿ ದರ್ಶನ, ಪುಣ್ಯವಂತರು ನೀವು" ಅಂತಾರೆ. ಪಂಚವಟಿ ನಮ್ಮ ಮನೆಯಿಂದ ಎಂಟು ಹತ್ತು ಕಿಲೋಮೀಟರು ದೂರ. ನಾನು ಮೂವತ್ತು ವರ್ಷದಿಂದ ಇರುವುದು ನಾಸಿಕ್ ರೋಡಿನಲ್ಲಿ, ಜೇಲ್ ರೋಡ್ ಕಡೆ. ಇಲ್ಲಿಯ ದೇವರೇ ಬೇರೆ. ದೇಶದ ನೋಟು ಅಚ್ಚು ಹಾಕುವ ಪ್ರೆಸ್ಸು ಇಲ್ಲಿದೆ, ಅರ್ಧ ಊರಿಗೆ ಅದೇ ಅನ್ನ ಹಾಕಿದೆ. ಇಲ್ಲಿ ಯಾರಾದರೂ "ಪ್ರೆಸ್‌ನಲ್ಲಿದ್ದೇನೆ" ಅಂದರೆ ಪತ್ರಕರ್ತರು ಅಂತ ತಿಳಿಯಬೇಡಿ!

ನಮ್ಮ ಸೊಸೈಟಿಯ ಕೆಳಮನೆಯಲ್ಲಿ ಚಿಕ್ಕೋಡಿ ಕಡೆಯ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಕಾಕಾ. ಮಗನಿಗೆ ಇಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದವರು. ಒಂದು ಭಾನುವಾರ ಬಿಸ್ಕೀಟಿನ ಹಳೇ ಡಬ್ಬಿ ಹಿಡಿದುಕೊಂಡು ಮೇಲೆ ಬಂದರು. ಒಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ನೋಟು ತೆಗೆದು ನನ್ನ ಕೈಗಿಟ್ಟರು.

"ನೀವು ಬ್ಯಾಂಕಿನವ್ರು. ಇದಕ್ಕ ಏನಾರ ಬರ್ತದೇನ್ರಿ ಸಾಹೇಬ್ರ?"

ಅರಬ್ಬಿ ಅಕ್ಷರ, ಓಡುತ್ತಿರುವ ಮೂರು ಕುದುರೆಗಳು, ಒಳ್ಳೇ ಗಟ್ಟಿ ಕಾಗದ. ಇರಾಕಿನ 25 ದಿನಾರು. ಮೂವತ್ತು ವರ್ಷ ನೋಟು ಎಣಿಸಿದ ಬೆರಳು ನನ್ನದು, ಚಲೋ ಮುದ್ರಣ ಮುಟ್ಟಿದರೆ ತಿಳಿಯುತ್ತದೆ.

ಕಾಕಾ 1990ರಲ್ಲಿ ಕುವೈತಿನಲ್ಲಿ ಎಲೆಕ್ಟ್ರೀಶಿಯನ್ ಆಗಿದ್ದರು. ಆಗಸ್ಟ್ 2ರ ಬೆಳಗಿನ ಜಾವ ಸದ್ದಾಂ ಹುಸೇನನ ಸೈನ್ಯ ಒಳಗೆ ಬಂತು. ಸ್ವಲ್ಪ ದಿನಕ್ಕೆ ಬಾಗ್ದಾದಿನಿಂದ ಹುಕುಂ ಆಯಿತು: ಇನ್ನು ಮೇಲೆ ಒಂದು ಕುವೈತಿ ದಿನಾರೂ ಒಂದು ಇರಾಕಿ ದಿನಾರೂ ಸಮ. ಬಜಾರಿನಲ್ಲಿ ಕುವೈತಿ ದಿನಾರಿನ ಬೆಲೆ ಇರಾಕಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ಒಂದೇ ಹುಕುಮಿನಿಂದ ಜನರ ಗಳಿಕೆಯೆಲ್ಲ ಕರಗಿಹೋಯಿತು. ಕಾಕಾ ಕೂಡಿಟ್ಟ ರೊಕ್ಕ ಕೊಟ್ಟು ಇಂಥ ಕುದುರೆ ನೋಟು ತಗೊಂಡರು. ಅದರಲ್ಲೇ ಬಸ್ಸಿನ ಬಾಡಿಗೆ, ಊಟ, ಎಲ್ಲ. ಬಸರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್. ಬಸರಾದಲ್ಲಿ ಬಸ್ಸು ಕೆಟ್ಟು ನಿಂತಾಗ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ರೊಟ್ಟಿ ತಂದು ಎಲ್ಲರಿಗೂ ಹಂಚಿದಳಂತೆ, ರೊಕ್ಕ ಮುಟ್ಟಲಿಲ್ಲವಂತೆ. ಅದನ್ನು ಕಾಕಾ ಪ್ರತಿ ಸಲ ಹೇಳುತ್ತಾರೆ. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಆ ಎರಡು ತಿಂಗಳಲ್ಲಿ ಸುಮಾರು 1.7 ಲಕ್ಷ ಭಾರತೀಯರು ಮನೆಗೆ ಬಂದರು. ಖರ್ಚಾಗದೆ ಜೇಬಿನಲ್ಲಿ ಉಳಿದದ್ದು ಈ ಒಂದು ನೋಟು.

ಇದಕ್ಕೆ ಏನು ಬರುತ್ತದೆ ಅಂತ ಹುಡುಕಲು ಹೋಗಿ ನಾನು ಇರಾಕಿನ ಚರಿತ್ರೆಯಲ್ಲಿ ಸಿಕ್ಕಿಕೊಂಡೆ. ಯುದ್ಧದ ಬಗ್ಗೆ ಬರೆಯುವವರು ಟ್ಯಾಂಕು, ಬಾಂಬು, ಪ್ರತಿಮೆ ಉರುಳಿದ್ದು ಇವನ್ನೆಲ್ಲ ಬರೆಯುತ್ತಾರೆ. ನಾನು ಬಿಕಾಂ ಓದಿ ಲೆಡ್ಜರ್ ಬರೆದವನು. ನನ್ನ ಕಣ್ಣು ಹೋಗುವುದು ಒಂದೇ ಕಡೆ: ದೇಶದ ಖಾತೆ ಯಾರ ಹತ್ತಿರ ಇತ್ತು? ಹಾಗೆ ನೋಡುತ್ತಾ ಹೋದರೆ ಮೊದಲ ಪುಟದಲ್ಲೇ ನಮ್ಮ ರೂಪಾಯಿ ಸಿಗುತ್ತದೆ, ನಮ್ಮ ಬೆಳಗಾವಿಯೂ ಸಿಗುತ್ತದೆ.

1908ರಲ್ಲಿ ಪರ್ಶಿಯಾದಲ್ಲಿ, ಅಂದರೆ ಇಂದಿನ ಇರಾನಿನಲ್ಲಿ, ಎಣ್ಣೆ ಸಿಕ್ಕಿತು. ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳುತ್ತಿದ್ದ ಕಾಲ. 1914ರಲ್ಲಿ ಚರ್ಚಿಲ್ ಮುಂದೆ ನಿಂತು ಆಂಗ್ಲೋ-ಪರ್ಶಿಯನ್ ಕಂಪನಿಯ ಶೇಕಡಾ 51 ಪಾಲು ಬ್ರಿಟಿಷ್ ಸರಕಾರಕ್ಕೆ ಕೊಡಿಸಿದ. ಆ ಕಂಪನಿಯ ಶುದ್ಧೀಕರಣ ಕಾರ್ಖಾನೆ ಇದ್ದದ್ದು ಅಬಾದಾನಿನಲ್ಲಿ. ನದಿಯ ಆಚೆ ದಡದಲ್ಲೇ ತುರ್ಕರ ರಾಜ್ಯ. ಯುದ್ಧ ಶುರುವಾದ ಕೂಡಲೇ ಆ ಎಣ್ಣೆ ಕಾಯಬೇಕಲ್ಲ? ಮುಂಬಯಿಯಿಂದ ದಂಡು ಹೊರಟಿತು. 1914ರ ನವೆಂಬರ್ 6ಕ್ಕೆ ಫಾವ್ ಎಂಬಲ್ಲಿ ಇಳಿಯಿತು, ಆ ತಿಂಗಳು ಮುಗಿಯುವುದರೊಳಗೆ ಬಸರಾ ಹಿಡಿಯಿತು.

ಮೊದಲು ಇಳಿದ ಆ ಬ್ರಿಗೇಡಿನಲ್ಲೇ 117ನೇ ಮರಾಠಾ ಪಲ್ಟನ್ ಇತ್ತು. ಆಮೇಲೆ 103 ಮತ್ತು 110 ಕೂಡ ಸೇರಿದವು. 1922ರಲ್ಲಿ ಇವೆಲ್ಲ ಒಂದಾಗಿ ಬೆಳಗಾವಿಯಲ್ಲಿ ಠಿಕಾಣಿ ಹೂಡಿದವು. ನಾವು ಸಣ್ಣವರಿದ್ದಾಗ ಬೆಳಗಾವಿ ಕ್ಯಾಂಪಿನಲ್ಲಿ ಕವಾಯತು ನೋಡಲು ನಿಲ್ಲುತ್ತಿದ್ದ ಮರಾಠಾ ಲೈಟ್ ಇನ್‌ಫಂಟ್ರಿ ಅದೇ. ಅವರ ಯುದ್ಧ ಗೌರವಗಳಲ್ಲಿ ಶರ್ಕತ್ ಅಂತ ಒಂದು ಹೆಸರಿದೆ. ಅದು ಇರಾಕಿನ ಊರು ಅಂತ ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು ನೋಡಿ!

ಸಿಪಾಯಿಗಳ ಕಥೆ ಹೇಳಲು ಹೋದರೆ ಮುಗಿಯುವುದಿಲ್ಲ. ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ ಐದು ತಿಂಗಳು ಹಸಿದು 1916ರ ಏಪ್ರಿಲ್ 29ಕ್ಕೆ ಶರಣಾದವರು ಸುಮಾರು 13,000 ಜನ, ಹೆಚ್ಚಿನವರು ಹಿಂದುಸ್ತಾನದವರು. ಮೇಲೆ ಹೇಳಿದ ಮೂರೂ ಮರಾಠಾ ಪಲ್ಟನ್ನುಗಳು ಅಲ್ಲಿದ್ದವು. ಆ ಯುದ್ಧ ಮುಗಿಯುವುದರೊಳಗೆ ನಮ್ಮ ದೇಶದಿಂದ ಅಲ್ಲಿಗೆ ಹೋದವರು, ಸಿಪಾಯಿ ಕೂಲಿ ಎಲ್ಲ ಸೇರಿ, ಐದೂವರೆ ಲಕ್ಷಕ್ಕೂ ಹೆಚ್ಚು.

1917ರ ಮಾರ್ಚ್ 11ಕ್ಕೆ ಬಾಗ್ದಾದ್ ಬಿತ್ತು. ಜನರಲ್ ಮೌಡ್ ಜಾಹೀರುನಾಮೆ ಹೊರಡಿಸಿದ: ನಾವು ಗೆಲ್ಲಲು ಬಂದವರಲ್ಲ, ನಿಮ್ಮನ್ನು ಬಿಡಿಸಲು ಬಂದವರು ಅಂತ ಅದರ ತಾತ್ಪರ್ಯ. ಅದನ್ನು ಬರೆದುಕೊಟ್ಟವನು ಮಾರ್ಕ್ ಸೈಕ್ಸ್. ಹಿಂದಿನ ವರ್ಷವಷ್ಟೇ ಫ್ರೆಂಚರ ಜೊತೆ ಗುಟ್ಟಾಗಿ ಕೂತು ಅರಬರ ನಾಡನ್ನು ನಕಾಶೆಯ ಮೇಲೆ ಹಂಚಿಕೊಂಡ ಮನುಷ್ಯ!

ಈ ದಂಡಿನ ಹಿಂದೆಯೇ ನಮ್ಮ ರೂಪಾಯಿಯೂ ಹೋಯಿತು. ಸಿಪಾಯಿಗೆ ಸಂಬಳ ರೂಪಾಯಿಯಲ್ಲಿ, ಅವನು ಕೊಳ್ಳುವುದು ರೂಪಾಯಿಯಲ್ಲಿ, ಕಂದಾಯ ವಸೂಲಿ ರೂಪಾಯಿಯಲ್ಲಿ. ತುರ್ಕರ ನಾಣ್ಯ ಮೂಲೆಗೆ ಬಿತ್ತು. ಬಸರಾದಿಂದ ಮೊಸೂಲಿನವರೆಗೆ 1932ರ ತನಕ ನಡೆದದ್ದು ಹಿಂದುಸ್ತಾನದ ರೂಪಾಯಿ. ನಮ್ಮ ನಾಸಿಕ್ ಪ್ರೆಸ್ಸಿನಲ್ಲಿ ನೋಟು ಅಚ್ಚಾಗಲು ಶುರುವಾದದ್ದು 1928ರಲ್ಲಿ. ಅದಕ್ಕೂ ಮೊದಲು ನಮ್ಮ ನೋಟು ಇಂಗ್ಲೆಂಡಿನಿಂದ ಬರುತ್ತಿತ್ತು. ಅಂದರೆ ಬಾಗ್ದಾದಿನ ಅಂಗಡಿಕಾರ ಎಣಿಸಿದ ಮೊದಲ ರೂಪಾಯಿ ನೋಟುಗಳು ನಮ್ಮ ಊರಿನವಲ್ಲ, ಲಂಡನ್ನಿನವು.

ಆಡಳಿತವೂ ಹಿಂದುಸ್ತಾನದ ಮಾದರಿಯದೇ. ನಡೆಸುತ್ತಿದ್ದವನು ಆರ್ನಲ್ಡ್ ವಿಲ್ಸನ್, ಭಾರತದ ಸೈನ್ಯದಿಂದಲೇ ಹೋದ ಅಧಿಕಾರಿ. ಹಳ್ಳಿಯ ಶೇಖರನ್ನು ಹಿಡಿದು ಕಂದಾಯ ವಸೂಲು ಮಾಡುವುದು, ಜನರನ್ನು ಕೇಳದಿರುವುದು. ಬಿಡಿಸಲು ಬಂದವರು ಮೂರು ವರ್ಷವಾದರೂ ಹೊರಡಲಿಲ್ಲ. 1920ರಲ್ಲಿ ಸಾನ್ ರೆಮೊ ಸಭೆಯಲ್ಲಿ ಇರಾಕನ್ನು ಬ್ರಿಟಿಷರ ಉಸ್ತುವಾರಿಗೆ ಕೊಟ್ಟಿದ್ದಾರೆ ಅಂತ ಸುದ್ದಿ ಬಂದಾಗ ಜನ ಎದ್ದರು. ಶಿಯಾ, ಸುನ್ನಿ ಅಂತ ಭೇದ ಮಾಡದೆ ಒಬ್ಬರ ಮಸೀದಿಗೆ ಇನ್ನೊಬ್ಬರು ಹೋಗಿ ಸಭೆ ಸೇರಿದರು. ಯೂಫ್ರೆಟಿಸ್ ದಂಡೆಯ ಬಂಡಾಯ ಅಡಗಿಸಲು ಮತ್ತೆ ಭಾರತದಿಂದಲೇ ಪಲ್ಟನ್ನುಗಳು ಹೋಗಬೇಕಾಯಿತು. ಸುಮಾರು 4 ಕೋಟಿ ಪೌಂಡ್ ಖರ್ಚು, ಸಾವಿರಾರು ಇರಾಕಿಗಳ ಜೀವ.

ಖರ್ಚು ನೋಡಿ ಚರ್ಚಿಲ್‌ಗೆ ಬಿಸಿ ತಟ್ಟಿತು. 1921ರ ಮಾರ್ಚಿನಲ್ಲಿ ಕೈರೋದಲ್ಲಿ ಸಭೆ ಕರೆದ. ಅಗ್ಗದ ಉಪಾಯ ಸಿಕ್ಕಿತು: ಸೈನ್ಯ ಕಡಿಮೆ ಮಾಡಿ, ಮೇಲಿನಿಂದ ವಿಮಾನ ಹಾರಿಸಿ, ಕೆಳಗೆ ಒಬ್ಬ ರಾಜನನ್ನು ಕೂರಿಸಿ. ರಾಜನೂ ಊರಿನವನಲ್ಲ. ಮೆಕ್ಕಾದ ಷರೀಫನ ಮಗ ಫೈಸಲ್. ಫ್ರೆಂಚರು ಅವನನ್ನು ಸಿರಿಯಾದಿಂದ ಓಡಿಸಿದ್ದರು. ಜನಮತ ತೆಗೆದರು, ಶೇಕಡಾ 96 ಮಂದಿ ಒಪ್ಪಿದರಂತೆ! (ಇಂಥ ಶೇಕಡಾವಾರು ನೋಡಿದರೆ ಆಡಿಟ್ ಮಾಡಿದವನಿಗೆ ನಗು ಬರುತ್ತದೆ.) ತುರ್ಕರ ಸೈನ್ಯದಲ್ಲಿ ತಯಾರಾದ ಸುನ್ನಿ ಅಧಿಕಾರಿಗಳು ಫೈಸಲನ ಸುತ್ತ ಸೇರಿ ಸರಕಾರವಾದರು. ಬಂಡಾಯದಲ್ಲಿ ರಕ್ತ ಸುರಿಸಿದ ಶಿಯಾ ಬಹುಸಂಖ್ಯಾತರು ಹೊರಗೇ ಉಳಿದರು. ಇರಾಕಿನ ಮುಂದಿನ ಎಷ್ಟೋ ಜಗಳಗಳ ಬೇರು ಈ ಒಂದು ಏರ್ಪಾಡಿನಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಎಣ್ಣೆಯ ಮಾತಿಗೆ ಬರೋಣ. 1925ರಲ್ಲಿ ಎಣ್ಣೆ ಕಂಪನಿಗೆ 75 ವರ್ಷದ ಗುತ್ತಿಗೆ. ಇರಾಕಿಗೆ ಶೇಕಡಾ 20ರ ತನಕ ಪಾಲು ಕೊಡಬಹುದು ಅಂತ ಸಾನ್ ರೆಮೊದಲ್ಲಿ ಮಾತಾಗಿತ್ತು. ಗುತ್ತಿಗೆ ಪತ್ರದಲ್ಲಿ ಅದು ಮಾಯ! ಬ್ರಿಟಿಷ್, ಫ್ರೆಂಚ್, ಡಚ್, ಅಮೆರಿಕದ ಕಂಪನಿಗಳಿಗೆ ಪಾಲು, ನಡುವೆ ನಿಂತು ವ್ಯವಹಾರ ಕುದುರಿಸಿದ ಗುಲ್ಬೆಂಕಿಯನ್‌ಗೆ ಶೇಕಡಾ 5, ಎಣ್ಣೆಯ ಒಡೆಯನಿಗೆ ಟನ್ನಿಗೆ 4 ಶಿಲ್ಲಿಂಗ್. 1927ರ ಅಕ್ಟೋಬರಿನಲ್ಲಿ ಕಿರ್ಕುಕ್ ಹತ್ತಿರ ಬಾಬಾ ಗುರ್ಗುರ್‌ನಲ್ಲಿ ಎಣ್ಣೆ ಚಿಮ್ಮಿದಾಗ ಗುತ್ತಿಗೆ ಆಗಲೇ ಆಗಿಹೋಗಿತ್ತು.

1932ರ ಅಕ್ಟೋಬರ್ 3ಕ್ಕೆ ಇರಾಕ್ ಸ್ವತಂತ್ರ ರಾಷ್ಟ್ರವಾಯಿತು. ಅದೇ ವರ್ಷ ಏಪ್ರಿಲ್ 1ರಿಂದ ಸ್ವಂತ ನಾಣ್ಯ. ಬ್ಯಾಂಕಿನವರಿಗೆ ಇದು ಚಲೋ ಲೆಕ್ಕ: ಒಂದು ದಿನಾರಿಗೆ 1000 ಫಿಲ್ಸ್, 75 ಫಿಲ್ಸಿಗೆ ಒಂದು ರೂಪಾಯಿ, ಅಂದರೆ ಒಂದು ದಿನಾರಿಗೆ ಹದಿಮೂರು ರೂಪಾಯಿ ಐದು ಆಣೆ ನಾಲ್ಕು ಪೈ. ಈ ವಿಚಿತ್ರ ಅಂಕಿ ಯಾಕೆ? ಯಾಕೆಂದರೆ ದಿನಾರನ್ನು ಒಂದು ಪೌಂಡಿಗೆ ಸಮ ಮಾಡಿ ಕಟ್ಟಿಹಾಕಿದ್ದರು. ಆ ನೋಟು ಹೊರಡಿಸುತ್ತಿದ್ದ ಕರೆನ್ಸಿ ಬೋರ್ಡ್ ಕೂರುತ್ತಿದ್ದದ್ದು ಎಲ್ಲಿ ಅಂತೀರಿ? ಲಂಡನ್ನಿನಲ್ಲಿ! ನೋಟಿನ ಬೆನ್ನಿಗಿದ್ದ ಆಸ್ತಿಯೂ ಪೌಂಡುಗಳಲ್ಲಿ, ಅಲ್ಲೇ. ಬಾಗ್ದಾದಿನಲ್ಲಿ ಬಾವುಟ, ರಾಜ, ಪಾರ್ಲಿಮೆಂಟು ಎಲ್ಲ ಇತ್ತು. ಪಾಸ್‌ಬುಕ್ ಮಾತ್ರ ಥೇಮ್ಸ್ ನದಿಯ ದಂಡೆಯಲ್ಲಿ.

ಖಾತೆ ಬೇರೆಯವರ ಹತ್ತಿರ ಇದ್ದರೆ ಏನಾಯಿತು, ವ್ಯವಹಾರ ನಡೆದರಾಯಿತಲ್ಲ ಅಂತ ನೀವು ಕೇಳಬಹುದು. ವ್ಯವಹಾರ ನಡೆಯುತ್ತದೆ. ರಾಜಕೀಯ ನಡೆಯುವುದಿಲ್ಲ. ಸರಕಾರ ರೈತನ ಕಂದಾಯದಿಂದ ನಡೆದರೆ ರೈತನಿಗೆ ಹೆದರಬೇಕಾಗುತ್ತದೆ. ಹಣ ಹೊರಗಿನಿಂದ ಬಂದು ಹೊರಗೇ ಜಮೆ ಆದರೆ ಖಾತೆದಾರನ ಮರ್ಜಿ ಕಾದರೆ ಸಾಕು. ಆಗ ವಿರೋಧಿಗಳಿಗೆ ಒಂದೇ ಮಾತು ಸಾಕಾಗುತ್ತದೆ: ಇವರು ಪರದೇಶಿಗಳ ಗುಮಾಸ್ತರು. ಆ ಮಾತು ನಿಜವೂ ಆಗಿದ್ದರೆ ಚುನಾವಣೆಯಿಂದ ಬಗೆಹರಿಯುವುದಿಲ್ಲ, ಬಂದೂಕು ಬರುತ್ತದೆ. ಬಂತು ಕೂಡ. 1936ರಲ್ಲಿ ಮೊದಲ ಸೈನಿಕ ದಂಗೆ. 1941ರ ಏಪ್ರಿಲಿನಲ್ಲಿ ರಶೀದ್ ಅಲಿ ಅಧಿಕಾರ ಹಿಡಿದಾಗ ಬ್ರಿಟಿಷರು ಮತ್ತೆ ಬಂದರು. ಮಲಯಾಕ್ಕೆ ಹೋಗಬೇಕಿದ್ದ ಭಾರತೀಯ ಪಡೆಯನ್ನೇ ತಿರುಗಿಸಿ ಬಸರಾದಲ್ಲಿ ಇಳಿಸಿದರು. ಮೇ ತಿಂಗಳು ಯುದ್ಧ. ಆ ಗದ್ದಲದ ಕೊನೆಗೆ ಬಾಗ್ದಾದಿನಲ್ಲಿ ನೂರಾರು ವರ್ಷದಿಂದ ಬಾಳಿದ್ದ ಯಹೂದಿಗಳ ಮೇಲೆ ಎರಡು ದಿನ ಕೊಲೆ, ಲೂಟಿ. ಆ ಮಹಾಯುದ್ಧದ ಕಾಲದಲ್ಲೇ ಇರಾಕಿನ ಕೆಲವು ನೋಟುಗಳು ಅಚ್ಚಾದದ್ದು ಎಲ್ಲಿ ಗೊತ್ತೇ? ಇದೇ ನಾಸಿಕ್ಕಿನಲ್ಲಿ. ನನ್ನ ಮನೆ ತಾರಸಿಯಿಂದ ಕಾಣುವ ಆ ಕಡೆಯೇ.

1958ರ ಜುಲೈ 14ರಂದು ಸೈನ್ಯ ಅರಮನೆಗೆ ನುಗ್ಗಿತು. ಫೈಸಲನ ಮೊಮ್ಮಗ, 23 ವರ್ಷದ ರಾಜ, ಮನೆಯವರ ಜೊತೆ ಅಂಗಳದಲ್ಲೇ ಹತನಾದ. ಕೈರೋದ ಅಗ್ಗದ ಉಪಾಯ 37 ವರ್ಷ ಬಾಳಿಕೆ ಬಂದಿತ್ತು. ಆಮೇಲೆ ದಂಗೆಯ ಮೇಲೆ ದಂಗೆ, ಕೊನೆಗೆ ಬಾತ್ ಪಕ್ಷ, ಸದ್ದಾಂ. 1972ರ ಜೂನ್ 1ಕ್ಕೆ ಎಣ್ಣೆ ಕಂಪನಿ ರಾಷ್ಟ್ರೀಕರಣ. ಖಾತೆ ಕೊನೆಗೂ ಬಾಗ್ದಾದಿಗೆ ಬಂತು. ಒಳ್ಳೆಯ ಆಸ್ಪತ್ರೆ, ಶಾಲೆ ಬಂದವು. ಆದರೆ ಖಾತೆ ಬಂದದ್ದು ಜನರ ಕೈಗಲ್ಲ, ಒಬ್ಬನ ಜೇಬಿಗೆ. ಅವನು ಎಂಟು ವರ್ಷ ಇರಾನಿನ ಜೊತೆ ಯುದ್ಧ ಮಾಡಿ ಸಾಲ ಮಾಡಿದ, ಸಾಲ ತೀರಿಸಲಾಗದೆ ಕುವೈತಿಗೆ ನುಗ್ಗಿದ. ಪರದೇಶಿಯರನ್ನು ಬೈಯುವಾಗ ಇದನ್ನೂ ಬರೆಯದಿದ್ದರೆ ಲೆಕ್ಕ ಸರಿಹೋಗುವುದಿಲ್ಲ.

ಇಲ್ಲಿಂದ ಕಾಕಾರ ನೋಟು ಮತ್ತೆ ಕಥೆಯೊಳಗೆ ಬರುತ್ತದೆ. 1990ರಲ್ಲಿ ನಿರ್ಬಂಧ ಬಿದ್ದ ಮೇಲೆ ಇರಾಕಿಗೆ ಹೊರದೇಶದಿಂದ ನೋಟು ಬರುವುದು ನಿಂತಿತು. ಸದ್ದಾಂ ಒಳಗೇ ಕಳಪೆ ಕಾಗದದ ಮೇಲೆ ತನ್ನ ಮುಖ ಹಾಕಿ ಬೇಕಾದಷ್ಟು ಅಚ್ಚು ಹಾಕಿಸಿದ. 1993ರ ಮೇ ತಿಂಗಳಲ್ಲಿ ಹಳೆಯ 25 ದಿನಾರು ರದ್ದು ಅಂದ. ಬದಲಾಯಿಸಿಕೊಳ್ಳಲು ಆರು ದಿನ, ಅದೂ ಗಡಿ ಮುಚ್ಚಿ! (ನಮ್ಮ 2016ರ ನೋಟು ಬಂದಿಯಲ್ಲಿ 50 ದಿನ ಇತ್ತು. ಆಗ ಕೌಂಟರಿನ ಈಚೆ ಕೂತ ನಮಗೇ ಜೀವ ಬಾಯಿಗೆ ಬಂದಿತ್ತು, ನಮ್ಮ ಪ್ರೆಸ್ಸು ಹಗಲು ರಾತ್ರಿ ಓಡಿತ್ತು.) ಉತ್ತರದ ಕುರ್ದರ ಪ್ರದೇಶ ಆಗಲೇ ಸದ್ದಾಂನ ಕೈ ತಪ್ಪಿತ್ತು. ಅವರಿಗೆ ಹೊಸ ನೋಟೂ ಸಿಗಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಳೆಯದನ್ನೇ ನಡೆಸಿಕೊಂಡರು. ಸ್ವಿಸ್ ಅಚ್ಚಿನಿಂದ ತಯಾರಾದದ್ದು ಅಂತ ಅದಕ್ಕೆ ಸ್ವಿಸ್ ದಿನಾರು ಅಂತ ಹೆಸರು. ಹಿಂದೆ ಸರಕಾರವಿಲ್ಲ, ಕೇಂದ್ರ ಬ್ಯಾಂಕಿಲ್ಲ, ಹರಿದರೆ ಬದಲಿ ಇಲ್ಲ. ಆದರೂ ಹತ್ತು ವರ್ಷ ನಡೆಯಿತು! ಇನ್ನು ಯಾರೂ ಹೆಚ್ಚು ಅಚ್ಚು ಹಾಕಲಾರರು ಅನ್ನುವ ಧೈರ್ಯವೇ ಅದರ ಬಂಡವಾಳ. ಬಾಗ್ದಾದಿನಲ್ಲಿ ಸತ್ತ ನೋಟು ಎರ್ಬಿಲ್‌ನಲ್ಲಿ ಬದುಕಿತ್ತು.

1996ರ ಕೊನೆಯಿಂದ ವಿಶ್ವಸಂಸ್ಥೆ ಸ್ವಲ್ಪ ಎಣ್ಣೆ ಮಾರಲು ಬಿಟ್ಟಿತು, ಅನ್ನ ಔಷಧಿಗಾಗಿ. ಆ ಹಣ ಜಮೆ ಆಗುತ್ತಿದ್ದದ್ದು ನ್ಯೂಯಾರ್ಕಿನ ಒಂದು ಬ್ಯಾಂಕ್ ಶಾಖೆಯ ಖಾತೆಗೆ. ಅದರ ಹಗರಣದ ಮೇಲೆ ವೋಲ್ಕರ್ ವರದಿ ಬಂದು 2005ರಲ್ಲಿ ನಮ್ಮ ವಿದೇಶಾಂಗ ಮಂತ್ರಿ ನಟ್ವರ್ ಸಿಂಗ್ ಕುರ್ಚಿ ಬಿಟ್ಟದ್ದು ನೆನಪಿರಬಹುದು. ಖಾತೆ ಮತ್ತೆ ಊರು ಬಿಟ್ಟಿತ್ತು.

2003ರ ಮಾರ್ಚ್ 20ಕ್ಕೆ ಅಮೆರಿಕದ ದಾಳಿ. ಕಾರಣ ಹೇಳಿದ ಮಹಾವಿನಾಶದ ಅಸ್ತ್ರ ಸಿಗಲೇ ಇಲ್ಲ. ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಮತ್ತೆ ಬಿಡಿಸಲು ಬಂದವರೇ. ಆಡಳಿತಗಾರನಾಗಿ ಬಂದ ಪಾಲ್ ಬ್ರೆಮರ್ ಮೇ 16ರಂದು ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲ ಕೆಲಸದಿಂದ ತೆಗೆದ, ಮೇ 23ರಂದು ಇಡೀ ಸೈನ್ಯವನ್ನೇ ವಿಸರ್ಜಿಸಿದ. ಲಕ್ಷಾಂತರ ಜನ ಬಂದೂಕು ಬಲ್ಲವರು, ನಾಳೆಯಿಂದ ಸಂಬಳವಿಲ್ಲ! ನಮ್ಮಲ್ಲಿ ಒಂದು ಶಾಖೆ ಮುಚ್ಚುವುದಾದರೂ ಸಿಬ್ಬಂದಿಯನ್ನು ಎಲ್ಲಿ ಹಾಕಬೇಕು ಅಂತ ಆರು ತಿಂಗಳು ಮೀಟಿಂಗು ಆಗುತ್ತದೆ.

ಈ ಎರಡು ಹುಕುಮುಗಳನ್ನು ಎಲ್ಲರೂ ಬರೆಯುತ್ತಾರೆ. ಅವುಗಳ ನಡುವೆ ಮೇ 22ರಂದು ವಿಶ್ವಸಂಸ್ಥೆಯ 1483ನೇ ಗೊತ್ತುವಳಿ ಬಂತು. ಇರಾಕಿನ ಎಣ್ಣೆ ಹಣವೆಲ್ಲ ಒಂದು ನಿಧಿಗೆ. ಆ ನಿಧಿ ಇದ್ದದ್ದು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ. ಖರ್ಚಿನ ಸಹಿ ಬ್ರೆಮರ್ ಆಡಳಿತದ್ದು. ಒಂದು ವರ್ಷದಲ್ಲಿ ಸುಮಾರು 1200 ಕೋಟಿ ಡಾಲರ್ ನಗದು, 363 ಟನ್ ತೂಕದ ನೋಟಿನ ಕಟ್ಟುಗಳು, ವಿಮಾನದಲ್ಲಿ ಬಾಗ್ದಾದಿಗೆ ಹೋದವು. ಆಮೇಲೆ ಅಮೆರಿಕದ್ದೇ ತಪಾಸಣೆಗಾರರು ನೋಡಿದಾಗ 880 ಕೋಟಿ ಡಾಲರಿಗೆ ಸರಿಯಾದ ಲೆಕ್ಕವಿಲ್ಲ. ನನ್ನ ಕ್ಯಾಶಿಯರ್ ಒಬ್ಬ 500 ರೂಪಾಯಿ ಕಡಿಮೆ ಬಂದದ್ದಕ್ಕೆ ರಾತ್ರಿ ಹತ್ತರ ತನಕ ಕೂತು ಅತ್ತಿದ್ದು ನೆನಪಾಯಿತು.

ಒಂದು ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಯಿತು, ಅದನ್ನು ಒಪ್ಪಬೇಕು. 2003ರ ಅಕ್ಟೋಬರ್ 15ರಿಂದ 2004ರ ಜನವರಿ 15ರ ತನಕ ಇಡೀ ದೇಶದ ನೋಟು ಬದಲಾಯಿಸಿದರು. ಸದ್ದಾಂ ಮುಖದ ಒಂದು ದಿನಾರಿಗೆ ಹೊಸದು ಒಂದು. ಕುರ್ದರ ಸ್ವಿಸ್ ದಿನಾರು ಒಂದಕ್ಕೆ ಹೊಸದು 150! ಕುದುರೆ ನೋಟಿಗೆ ಕೊನೆಗೂ ಮರ್ಯಾದೆ ಸಿಕ್ಕಿತು, ಕಾಕಾರದ್ದು ಮಾತ್ರ ಚಿಕ್ಕೋಡಿಯ ಟ್ರಂಕಿನಲ್ಲಿತ್ತು.

ರಾಜಕೀಯದಲ್ಲಿ ಹೊಸ ಹಂಚಿಕೆ ಬಂತು. ರಾಷ್ಟ್ರಪತಿ ಕುರ್ದ, ಪ್ರಧಾನಿ ಶಿಯಾ, ಸಭಾಪತಿ ಸುನ್ನಿ. ಕಾನೂನಿನಲ್ಲಿ ಬರೆದದ್ದಲ್ಲ, ರೂಢಿ. 1921ರಲ್ಲಿ ಹೊರಗಿಟ್ಟವರನ್ನು ಒಳಗೆ ತಂದದ್ದು ನ್ಯಾಯವೇ. ಆದರೆ ಮಂತ್ರಿ ಖಾತೆಗಳು ಪಕ್ಷಗಳ ಜಹಗೀರುಗಳಾದವು, ಈ ಸಲ ಸುನ್ನಿಗಳು ಹೊರಗಿನವರಾದೆವು ಅಂದರು. ಕೆಲಸ ಕಳಕೊಂಡ ಸೈನಿಕರಲ್ಲಿ ಕೆಲವರು ಐಸಿಸ್ ಸೇರಿದರು. 2014ರ ಜೂನಿನಲ್ಲಿ ಮೊಸೂಲ್ ಅವರ ಕೈಗೆ ಬಿತ್ತು. ಅಲ್ಲಿ ಕೆಲಸಕ್ಕಿದ್ದ ನಮ್ಮ 39 ಜನ ಕಾರ್ಮಿಕರು ಕೊಲೆಯಾಗಿದ್ದರು ಅನ್ನುವುದು ಖಚಿತವಾಗಿ ತಿಳಿದದ್ದು 2018ರಲ್ಲಿ. 2019ರ ಅಕ್ಟೋಬರಿನಲ್ಲಿ ಬಾಗ್ದಾದಿನ ಹುಡುಗರು ಬೀದಿಗಿಳಿದು, ನಮಗೆ ಪಂಗಡದ ಹಂಚಿಕೆ ಬೇಡ, ದೇಶ ಬೇಕು ಅಂದರು. ನೂರಾರು ಜನ ಗುಂಡಿಗೆ ಬಲಿಯಾದರು. ಪ್ರಧಾನಿ ಕೆಳಗಿಳಿದ.

ಇನ್ನು ಖಾತೆ? ಅದು ನ್ಯೂಯಾರ್ಕಿನಲ್ಲೇ ಉಳಿಯಿತು. 2020ರ ಜನವರಿ 5ಕ್ಕೆ ಇರಾಕಿನ ಪಾರ್ಲಿಮೆಂಟು ವಿದೇಶಿ ಸೈನ್ಯ ಹೊರಡಬೇಕು ಅಂತ ಗೊತ್ತುವಳಿ ಮಾಡಿತು. ಹಾಗೆ ಮಾಡಿದರೆ ಫೆಡರಲ್ ರಿಸರ್ವಿನ ಖಾತೆಗೆ ಕೈ ಹಾಕಲು ಸಿಗಲಿಕ್ಕಿಲ್ಲ ಅಂತ ವಾಷಿಂಗ್ಟನ್ನಿನಿಂದ ಸೂಚನೆ ಹೋಯಿತು. ಸೈನ್ಯ ಆ ವರ್ಷ ಹೊರಡಲಿಲ್ಲ. 1932ರಲ್ಲಿ ಲಂಡನ್ನು, 2020ರಲ್ಲಿ ನ್ಯೂಯಾರ್ಕು.

ಇದನ್ನೆಲ್ಲ ಕಾಕಾರಿಗೆ ಎರಡು ಕಪ್ ಚಹಾ ಮುಗಿಯುವ ತನಕ ಹೇಳಿದೆ. ಅವರು ಸುಮ್ಮನೆ ಕೇಳಿ, ಒಂದು ಪ್ರಶ್ನೆ ಕೇಳಿದರು.

"ಅಲ್ರಿ, ಕುವೈತ್ ಬಿಟ್ಟು ಬಂದವರಿಗೆ ನುಕ್ಸಾನ್ ಭರ್ತಿ ಅಂತ ರೊಕ್ಕ ಬಂತಲ್ಲ. ನನಗೂ ಬಂತು, ಎರಡ ಸರ್ತೆ. ಮಗಳ ಮದುವಿ ಮಾಡಿದ್ನಿ. ಅದನ್ನ ಯಾರ ಕೊಟ್ರು, ಅಮೆರಿಕಾದವ್ರೋ?"

ನಾನು ಆಗ ಹೊಸದಾಗಿ ಬ್ಯಾಂಕು ಸೇರಿದ್ದೆ. ಅಂಥ ನಾಲ್ಕಾರು ಜನ ಪಾಸ್‌ಪೋರ್ಟ್ ಝೆರಾಕ್ಸ್ ಹಿಡಿದು ನಮ್ಮ ಶಾಖೆಗೂ ಬರುತ್ತಿದ್ದರು. ಜಿನೀವಾದ ಪರಿಹಾರ ಆಯೋಗ ಒಬ್ಬ ಮನುಷ್ಯನಿಗೆ 2,500ರಿಂದ 4,000 ಡಾಲರ್ ಅಂತ ಗೊತ್ತು ಮಾಡಿತ್ತು. ಅದು ಅಮೆರಿಕದ ಹಣವಲ್ಲ, ಸದ್ದಾಂನ ಜೇಬಿನದೂ ಅಲ್ಲ. ಎಣ್ಣೆ ಮಾರಿದ ಹಣದಲ್ಲಿ ಮೊದಲು ನೂರಕ್ಕೆ 30, ಆಮೇಲೆ 25, 2003ರ ನಂತರ 5 ಹೀಗೆ ಮುರಿದುಕೊಂಡು ಕೊಟ್ಟದ್ದು. ಸದ್ದಾಂ ಸತ್ತು ಹದಿನೈದು ವರ್ಷವಾದ ಮೇಲೆ, 2022ರಲ್ಲಿ, ಕೊನೆಯ ಕಂತು ಕಟ್ಟಿ ಮುಗಿಸಿದರು. ಒಟ್ಟು 5,240 ಕೋಟಿ ಡಾಲರ್.

ಕಾಕಾ ಸ್ವಲ್ಪ ಹೊತ್ತು ನೋಟಿನ ಕುದುರೆ ನೋಡುತ್ತಾ ಕೂತರು.

"ಹಂಗಾದ್ರ ಬಸರಾದಾಗ ನಮಗ ರೊಟ್ಟಿ ಕೊಟ್ಟಾಕಿ ಪಾಲಿನದೂ ಅದ್ರಾಗ ಬಂದಿರ್ಬೇಕಲ್ರಿ?"

ನಾನು ಹೌದು ಅಂದೆ. ಅವರು ನೋಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟುಕೊಂಡರು. ಅದಕ್ಕೆ ಎಷ್ಟು ಬರುತ್ತದೆ ಅಂತ ಮತ್ತೆ ಕೇಳಲಿಲ್ಲ.